ಹೋದ ಕರೆಂಟು ವಾಪಸ್ ಬರಬೇಕಲ್ಲ

ಹಳೇ ಕಾರಿನಲ್ಲಿ ಪೂರ್ತಿ ಕೆಟ್ಟುಹೋದದ್ದು ಅಷ್ಟೇನೂ ಕಾಟ ಕೊಡುವುದಿಲ್ಲ. ಪಂಕ್ಚರ್ ಆದರೆ ಆಗಿದೆ ಅಷ್ಟೇ, ಸೈಲೆನ್ಸರ್ ತೂತಾದರೆ ಇಡೀ ಓಣಿಗೇ ಗೊತ್ತಾಗುತ್ತದೆ. ಜೀವ ತಿನ್ನೋದು ಆಗಾಗ ಕೆಟ್ಟು, ಆಗಾಗ ತಾನಾಗಿಯೇ ಸರಿಹೋಗುವ ಕರೆಂಟಿನ ರೋಗ. ರಾತ್ರಿ ಕುಡತಿನಿ ದಾಟುವಾಗ ಹೆಡ್‌ಲೈಟು ಮಂಕಾಗಿ, ರಸ್ತೆಯೂ ಕಾಣದೆ ಗುಂಡಿಯೂ ಕಾಣದೆ, ಮುಂದಿನ ಲಾರಿಯ ಕೆಂಪು ದೀಪವನ್ನೇ ನಂಬಿಕೊಂಡು ಬಳ್ಳಾರಿ ಸೇರಿರುತ್ತೀರಿ. ಬೆಳಿಗ್ಗೆ ಮೆಕ್ಯಾನಿಕ್ ಮುಂದೆ ನಿಲ್ಲಿಸಿ ಸ್ವಿಚ್ ಹಾಕಿದರೆ ಎರಡೂ ಲೈಟು ಝಗ್ಗನೆ ಉರಿಯುತ್ತವೆ. ಮನೆಯಲ್ಲಿ ಕೂಗಾಡಿ, ಮಾವ ಬಂದ ಕೂಡಲೇ ಕೈಕಟ್ಟಿ ನಿಲ್ಲುವ ಅಳಿಯನ ಹಾಗೆ. "ಚೆನ್ನಾಗೈತಲ್ಲಣ್ಣ" ಅಂತಾನೆ ಮೆಕ್ಯಾನಿಕ್. ಆಗ ನಾವೇ ಸುಳ್ಳು ಹೇಳಿದವರ ಹಾಗೆ ಕಾಣ್ತೀವಿ.

ನಮ್ಮದು 25 ವರ್ಷ ದಾಟಿದ ಪೆಟ್ರೋಲ್ ಕಾರು. ಯಾವ ಕಂಪನಿ ಅಂತ ಕೇಳಬೇಡಿ, ಈ ವಯಸ್ಸಿಗೆ ಬಂದ ಮೇಲೆ ಎಲ್ಲ ಕಂಪನಿಯೂ ಒಂದೇ. ಒಮ್ಮೊಮ್ಮೆ ಎಡಗಡೆ ಇಂಡಿಕೇಟರ್ ಹಾಕಿದರೆ ಎಡಗಡೆ ಹೆಡ್‌ಲೈಟೂ ಅದರ ತಾಳಕ್ಕೆ ಸರಿಯಾಗಿ ಕಣ್ಣು ಮಿಟುಕಿಸುತ್ತಿತ್ತು. ಸ್ಪೀಡ್‌ಬ್ರೇಕರ್ ಹಾರಿಸಿದರೆ ಸರಿಹೋಗುತ್ತಿತ್ತು. ಮುಂದಿನ ಸ್ಪೀಡ್‌ಬ್ರೇಕರ್ ಬಂದಾಗ ಮತ್ತೆ ಹೋಗುತ್ತಿತ್ತು.

ಸಂಜೆ ಮಿರ್ಚಿ-ಒಗ್ಗರಣೆ ಅಂಗಡಿ ಮುಂದೆ ಬಾನೆಟ್ ಎತ್ತಿಕೊಂಡು ನಿಂತು ನೋಡಿ. ಬಳ್ಳಾರಿಯಲ್ಲಿ ಮಳೆಗೆ ಬರ ಇರಬಹುದು, ಸಲಹೆಗೆ ಇಲ್ಲ. ಒಬ್ಬರು ಬ್ಯಾಟರಿ ಸತ್ತಿದೆ ಅಂದರು. ಇನ್ನೊಬ್ಬರು ಡೈನಮೋ ಅಂದರು (ಇಂಜಿನ್ ಓಡುವಾಗ ಕರೆಂಟು ಹುಟ್ಟಿಸಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ; ಒಳಗಿರೋದು ಆಲ್ಟರ್ನೇಟರ್, ಆದರೆ ಗ್ಯಾರೇಜಿನ ಬಾಯಲ್ಲಿ ಅದು ಇನ್ನೂ ಡೈನಮೋನೇ). ಮೂರನೆಯವರು 100 ವ್ಯಾಟಿನ ಬಲ್ಬ್ ಹಾಕಿಸಿ ಅಂದರು, ಅವರ ಪಕ್ಕದ ಹುಡುಗ ಎಲ್‌ಇಡಿ ಅಂದ. ಒಬ್ಬರೂ ಬಾಯಿ ತಪ್ಪಿ ವೈರ್ ನೋಡಿಸಿ ಅನ್ನಲಿಲ್ಲ. ಬ್ಯಾಟರಿ ಕಣ್ಣಿಗೆ ಕಾಣುತ್ತದೆ, ತೂಕ ಇದೆ, ಬದಲಾಯಿಸಿದರೆ ಏನೋ ಮಾಡಿದ ಸಮಾಧಾನವೂ ಇರುತ್ತದೆ. ತುಕ್ಕು ಹಿಡಿದ ಒಂದು ಬೋಲ್ಟಿಗೆ ಆ ಗತ್ತು ಎಲ್ಲಿಂದ ಬರಬೇಕು?

ಆ 100 ವ್ಯಾಟಿನ ಸಲಹೆ ಮಾತ್ರ ಅಪಾಯದ್ದು. ನಮ್ಮಂಥ ಕಾರುಗಳಿಗೆ ಬರುವ ಎಚ್4 ಬಲ್ಬು ಡಿಪ್ಪಿಗೆ 55 ವ್ಯಾಟ್, ಹೈಬೀಮಿಗೆ 60. 12 ವೋಲ್ಟಿನಲ್ಲಿ 55 ವ್ಯಾಟ್ ಅಂದ್ರೆ ಸುಮಾರು ನಾಲ್ಕೂವರೆ ಆಂಪಿಯರ್, ಎರಡು ಬಲ್ಬಿಗೆ 9. ಎಷ್ಟೋ ಹಳೇ ಕಾರುಗಳಲ್ಲಿ ನಡುವೆ ರಿಲೇ (ಸಣ್ಣ ಕರೆಂಟಿನ ಆರ್ಡರಿಗೆ ದೊಡ್ಡ ಕರೆಂಟನ್ನು ಬಿಡುವ ಸ್ವಿಚ್ಚು) ಇರೋದಿಲ್ಲ, ಈ 9 ಆಂಪಿಯರ್ ಅಷ್ಟೂ ಸ್ಟೀರಿಂಗ್ ಪಕ್ಕದ ಆ ಪುಟ್ಟ ಸ್ವಿಚ್ಚಿನ ಮೂಲಕವೇ ಹಾದುಹೋಗಬೇಕು. 100 ವ್ಯಾಟ್ ಹಾಕಿದರೆ ಅದಕ್ಕೆ ಹೆಚ್ಚುಕಡಿಮೆ ದುಪ್ಪಟ್ಟು ಹೊರೆ. ಬೆಳಕು ಜಾಸ್ತಿ ಆಗುವ ಮೊದಲು ಕಾರಿನೊಳಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತದೆ.

ನಮ್ಮ ಊರಿನವರು ಇದಕ್ಕೆಲ್ಲ ಮೊದಲು ಮಾಡಬೇಕಾದ್ದು ಇನ್ನೊಂದಿದೆ. ಹೆಡ್‌ಲೈಟಿನ ಗಾಜು ಒರೆಸಬೇಕು. ಅದಿರು ಲಾರಿಗಳ ಹಿಂದೆ ತೋರಣಗಲ್ಲಿಗೆ ಹೋಗಿ ಬಂದ ಕಾರಿನ ಮುಖ ನೋಡಿದ್ದೀರಲ್ವಾ? ಆ ಕೆಂಪು ದೂಳಿನ ಹಿಂದೆ ಯಾವ ಬಲ್ಬ್ ಹಾಕಿದರೂ ಅಷ್ಟೇ. ಇದಕ್ಕೆ ಒದ್ದೆ ಬಟ್ಟೆ ಸಾಕು, ಮೆಕ್ಯಾನಿಕ್ ಬೇಡ. ಒರೆಸಿದ ಮೇಲೂ ಮಂಕಿದ್ದು, ಒಳಗಿನ ರಿಫ್ಲೆಕ್ಟರಿನ ಹೊಳಪು ಹೋಗಿದ್ದರೆ ಮಾತ್ರ ಲೈಟೇ ಬದಲಿಸಬೇಕು.

ನಮ್ಮದು ಅದೂ ಅಲ್ಲ. ಕೌಲ್ ಬಜಾರ್ ಕಡೆ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಇದ್ದಾನೆ, ಎಲ್ಲರೂ ಭಾಯ್ ಅಂತಾರೆ. ಅವನು ಬಾನೆಟ್ ಎತ್ತೋದಕ್ಕೆ ಮುಂಚೆ ಬೀಡಿ ಹಚ್ಚಿಕೊಂಡು ಪ್ರಶ್ನೆ ಕೇಳುತ್ತಾನೆ. "ಯಾವಾಗ ಮಂಕಾಗ್ತೈತಣ್ಣ? ನಿಂತಾಗೋ, ಓಡಾಗೋ? ಒಂದೇ ಕಡೆಯೋ, ಎರಡೂ ಕಡೆಯೋ?" ಈ ಪ್ರಶ್ನೆಗಳಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ. ಸರ್ಕಲ್ಲಿನಲ್ಲಿ ನಿಂತಾಗ ಮಂಕಾಗಿ, ಎಕ್ಸಿಲೇಟರ್ ಒತ್ತಿದ ಕೂಡಲೇ ಬೆಳಗಿದರೆ ತೊಂದರೆ ಚಾರ್ಜಿಂಗ್ ಕಡೆಯದು. ಬೆಲ್ಟ್ ಸಡಿಲ ಆಗಿರಬಹುದು, ಡೈನಮೋದ ಕಾರ್ಬನ್ ಸವೆದಿರಬಹುದು, ಅದರೊಳಗಿನ ಡಯೋಡ್ ಹೋಗಿರಬಹುದು, ಅಥವಾ ನಮ್ಮೂರ ಬಿಸಿಲಿಗೆ ಬ್ಯಾಟರಿಯೇ ಬೇಗ ಮುದಿಯಾಗಿರಬಹುದು. ಎಷ್ಟು ಒತ್ತಿದರೂ ಬೆಳಕು ಅಷ್ಟೇ ಅಂದ್ರೆ ವೈರಿಂಗ್ ಅಥವಾ ಸ್ವಿಚ್. ಒಂದೇ ಕಡೆ ಮಂಕು ಅಂದ್ರೆ ಆ ಕಡೆಯ ಕಪ್ಲರ್ (ವೈರು ಜೋಡಿಸುವ ಪ್ಲಗ್ಗು), ಇಲ್ಲಾ ಅರ್ತ್, ಅಂದ್ರೆ ಕರೆಂಟು ವಾಪಸ್ ಹೋಗುವ ದಾರಿ.

ಆಮೇಲೆ ಮೀಟರ್ ತೆಗೆದ. ಇಂಜಿನ್ ಆಫ್ ಇದ್ದಾಗ ಬ್ಯಾಟರಿ 12.6 ವೋಲ್ಟ್, ಇಂಜಿನ್ ಚಾಲೂ ಮಾಡಿ ಲೈಟ್ ಹಾಕಿದಾಗ 14ರ ಆಸುಪಾಸು. ಮಿರ್ಚಿ ಅಂಗಡಿಯ ಮೊದಲ ಇಬ್ಬರು ಅಲ್ಲಿಗೆ ಔಟ್. ಎಡಗಡೆ ಬಲ್ಬಿನ ಹಿಂದೆ ಹಿಡಿದರೆ 12 ಕೂಡ ಇಲ್ಲ! ಬ್ಯಾಟರಿಯಿಂದ ಹೊರಟ ಎರಡು ವೋಲ್ಟು ಎರಡು ಮಾರು ದೂರದಲ್ಲಿ ಎಲ್ಲಿ ಹೋಯಿತು? ಎರಡು ವೋಲ್ಟು ತಾನೇ ಅಂತ ಬಿಡುವ ಹಾಗೂ ಇಲ್ಲ. ಈ ಬಲ್ಬುಗಳಲ್ಲಿ ವೋಲ್ಟೇಜು 10% ಇಳಿದರೆ ಬೆಳಕು 10% ಇಳಿಯೋದಿಲ್ಲ, ಸುಮಾರು 30% ಇಳಿಯುತ್ತದೆ. ಬಲ್ಬಿನೊಳಗಿನ ತಂತಿ ಸ್ವಲ್ಪ ಕಡಿಮೆ ಬಿಸಿಯಾದರೂ ಬಿಳಿ ಬೆಳಕು ಹೋಗಿ ಹಳದಿಗೆ ತಿರುಗುತ್ತದೆ.

ಇಲ್ಲಿ ಮೀಟರೂ ಸುಳ್ಳು ಹೇಳಬಹುದು. ಲೈಟ್ ಆರಿಸಿ, ವೈರಿನ ಎರಡು ತುದಿಗೆ ಮುಳ್ಳು ಹಿಡಿದರೆ ಬೀಪ್ ಅನ್ನುತ್ತದೆ, ನಾವು ವೈರ್ ಸರಿ ಇದೆ ಅಂದುಕೊಳ್ತೀವಿ. ಒಳಗಿನ ಎಳೆಗಳೆಲ್ಲ ತುಂಡಾಗಿ ಒಂದೇ ಒಂದು ಎಳೆ ಉಳಿದಿದ್ದರೂ ಅದು ಬೀಪ್ ಅನ್ನುತ್ತದೆ. ಆ ಒಂದು ಎಳೆ ನಾಲ್ಕೂವರೆ ಆಂಪಿಯರ್ ಹೊರುತ್ತದಾ ಅಂತ ಅದಕ್ಕೇನು ಗೊತ್ತು? ಅದಕ್ಕೇ ಭಾಯ್ ಲೈಟು ಉರಿಯುತ್ತಿರುವಾಗಲೇ ಅಳೆಯುತ್ತಾನೆ. ಮೀಟರಿನ ಒಂದು ಮುಳ್ಳು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಬಲ್ಬಿನ ಅರ್ತ್ ಪಿನ್ನಿಗೆ. ಎರಡರ ನಡುವೆ ಏನೂ ತೋರಿಸಬಾರದು, ತೋರಿಸಿದರೂ 0.1, 0.2 ಅಷ್ಟೇ. ನಮ್ಮದರಲ್ಲಿ ಒಂದೂವರೆ ಇತ್ತು, ಅದೂ ಹಾರ್ನೆಸ್ (ವೈರುಗಳ ಕಟ್ಟು) ಅಲ್ಲಾಡಿಸಿದರೆ ಮೇಲೆ ಕೆಳಗೆ ಕುಣಿಯುತ್ತಿತ್ತು.

ಕರೆಂಟು ಅಂದ್ರೆ ನಮ್ಮ ತಲೆಯಲ್ಲಿ ಬ್ಯಾಟರಿಯಿಂದ ಬಲ್ಬಿಗೆ ಹೋಗುವ ಕೆಂಪು ವೈರು, ಫ್ಯೂಸು, ಸ್ವಿಚ್ಚು ಇಷ್ಟೇ. ಹೋದದ್ದು ವಾಪಸ್ ಬರಬೇಕು ಅನ್ನೋದು ಯಾರಿಗೂ ನೆನಪಾಗೋದಿಲ್ಲ. ಕಾರಿನಲ್ಲಿ ಆ ವಾಪಸ್ ದಾರಿಗೆ ಬಹುಪಾಲು ವೈರೇ ಇಲ್ಲ, ಇಡೀ ಬಾಡಿಯೇ ದಾರಿ. ಬಲ್ಬಿನ ಹಿಂದಿನ ಗಿಡ್ಡ ಕಪ್ಪು ವೈರನ್ನು ಪಕ್ಕದ ತಗಡಿಗೆ ಒಂದು ಬೋಲ್ಟಿನಲ್ಲಿ ಬಿಗಿದಿರುತ್ತಾರೆ, ಬ್ಯಾಟರಿಯ ಮೈನಸ್ಸನ್ನೂ ಹಾಗೆಯೇ ಬಾಡಿಗೆ ಬಿಗಿದಿರುತ್ತಾರೆ. ಕಾರು ಹೊಸದಿದ್ದಾಗ ಜಾಣ ಲೆಕ್ಕ, ತಾಮ್ರ ಉಳಿಯಿತು. ತಗಡಿಗೆ ತುಕ್ಕು ಹಿಡಿದ ಮೇಲೆ ಅದೇ ಲೆಕ್ಕ ನಮ್ಮ ತಲೆ ಮೇಲೆ.

ದಾರಿ ಕಟ್ಟಿಕೊಂಡರೆ ಕರೆಂಟು ಸುಮ್ನೆ ಕೂರುವುದಿಲ್ಲ. ಸಿಕ್ಕ ಸಂದಿಯಲ್ಲಿ ನುಗ್ಗುತ್ತದೆ, ಪಕ್ಕದ ಬಲ್ಬಿನೊಳಗೆ ಹಿಂದಿನ ಬಾಗಿಲಿನಿಂದ ಹೊಕ್ಕು ಆಚೆ ಬರುತ್ತದೆ. ಬ್ರೇಕ್ ಒತ್ತಿದರೆ ಹಿಂದಿನ ಇಂಡಿಕೇಟರ್ ಮಂಕಾಗಿ ಬೆಳಗುವ ಹಳೇ ಕಾರುಗಳನ್ನು ನೋಡಿರ್ತೀರಿ, ಅದು ಭೂತವಲ್ಲ, ಅರ್ತ್ ಇಲ್ಲದ ಕರೆಂಟು. ನಮ್ಮ ಹೆಡ್‌ಲೈಟಿನ ಕಣ್ಣು ಮಿಟುಕೂ ಇದೇ ಜಾತಿಯದು. ಇಂಡಿಕೇಟರಿಗೂ ಅದಕ್ಕೂ ಒಂದೇ ಅರ್ತ್ ಬೋಲ್ಟು, ಇಬ್ಬರೂ ಒಟ್ಟಿಗೆ ಒಂದೇ ಕಿರಿದಾದ ಬಾಗಿಲಲ್ಲಿ ಹೊರಡಲು ಹೋದಾಗ ಹೆಡ್‌ಲೈಟಿಗೆ ಸಿಗುವುದು ಕಡಿಮೆಯಾಗುತ್ತಿತ್ತು.

ಭಾಯ್ ಇದಕ್ಕಿಂತ ವಿಚಿತ್ರದ್ದು ಹೇಳಿದ. ಇಂಜಿನ್ನನ್ನು ಬಾಡಿಗೆ ಸೇರಿಸುವ ಅರ್ತ್ ಪಟ್ಟಿ ತುಂಡಾದರೆ ಸೆಲ್ಫ್ ಹೊಡೆದಾಗ ನೂರಾರು ಆಂಪಿಯರ್ ವಾಪಸ್ ಹೋಗಲು ದಾರಿ ಇಲ್ಲದೆ ಎಕ್ಸಿಲೇಟರ್ ಕೇಬಲ್ಲನ್ನೋ ಕ್ಲಚ್ ಕೇಬಲ್ಲನ್ನೋ ಹಿಡಿದು ಹೋಗುತ್ತದೆ. ಕೇಬಲ್ ಬಿಸಿಯಾಗಿ ಒಳಗೆ ಕಚ್ಚಿಕೊಳ್ಳುತ್ತದೆ. ಓನರು ಹೊಸ ಕೇಬಲ್ ಹಾಕಿಸುತ್ತಾರೆ, ಅದೂ ಹೋಗುತ್ತದೆ. "ಕೇಬಲ್ ಕಂಪನಿನ ಬೈತಾರಣ್ಣ" ಅಂತ ನಕ್ಕ.

ನಮ್ಮ ಬೋಲ್ಟಿನ ಕಥೆ ಬಿಚ್ಚಿದಾಗ ಗೊತ್ತಾಯಿತು. ಯಾವುದೋ ಕಾಲದಲ್ಲಿ ಟಿಂಕರಿಂಗ್-ಪೇಂಟಿಂಗ್ ಆದಾಗ ತಗಡಿಗೆ ಚೆನ್ನಾಗಿ ಬಣ್ಣ ಹೊಡೆದು, ಬಣ್ಣದ ಮೇಲೆಯೇ ಅರ್ತ್ ವೈರ್ ಬಿಗಿದಿದ್ದರು. ಬಣ್ಣದಲ್ಲಿ ಕರೆಂಟು ಹರಿಯೋದಿಲ್ಲ. ಬೋಲ್ಟಿನ ಹಲ್ಲುಗಳು ಎಲ್ಲೋ ಒಂದು ಕಡೆ ತಗಡಿಗೆ ತಾಗಿದ್ದರಿಂದ ಇಷ್ಟು ದಿನ ನಡೆದಿತ್ತು. ಕುಲುಕಾಟಕ್ಕೆ ಆ ತಾಗು ಒಮ್ಮೆ ಸಿಗುವುದು, ಒಮ್ಮೆ ತಪ್ಪುವುದು. ಸ್ಪೀಡ್‌ಬ್ರೇಕರಿನ ವೈದ್ಯಕೀಯದ ಗುಟ್ಟು ಇಷ್ಟೇ.

ಭಾಯ್ ಎಮರಿ ಪೇಪರಿನಲ್ಲಿ ತಗಡು ಹೊಳೆಯುವ ತನಕ ತಿಕ್ಕಿದ. ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲಿನ್ ಸವರಿದ. ನಂಬಿಕೆ ಸಾಲದೆ ಬ್ಯಾಟರಿ ಮೈನಸ್ಸಿನಿಂದ ಇನ್ನೊಂದು ದಪ್ಪ ಕಪ್ಪು ವೈರನ್ನೂ ಎಳೆದ. ನಾನು ಕೇಳಿಕೊಂಡದ್ದಕ್ಕೆ ಎರಡು ರಿಲೇ ಕೂರಿಸಿದ, ಈಗ ಸ್ವಿಚ್ಚಿನಲ್ಲಿ ಬರೀ ಆರ್ಡರ್ ಹೋಗುತ್ತದೆ, ಬಲ್ಬಿನ ಕರೆಂಟು ಫ್ಯೂಸ್ ದಾಟಿ ಬ್ಯಾಟರಿಯಿಂದ ನೇರ ಬರುತ್ತದೆ. ಎಲ್ಲ ಸೇರಿಸಿದರೂ ಹೊಸ ಬ್ಯಾಟರಿಯ ಬೆಲೆಗೆ ಎಲ್ಲೂ ಹತ್ತಿರ ಬರಲಿಲ್ಲ. ನಡುವೆ ಒಂದು ಕಡೆ ಇಲಿ ಕಡಿದ ವೈರಿಗೆ ಟೇಪನ್ನೂ ಸುತ್ತಿದ. "ಸಿರುಗುಪ್ಪಕ್ಕೆ ಹೋಗಿದ್ರೇನಣ್ಣ?" ಅಂತ ಕೇಳಿದ. ಸುಗ್ಗಿಯಲ್ಲಿ ಭತ್ತದ ಕಣದ ಪಕ್ಕ ರಾತ್ರಿ ಕಾರು ನಿಲ್ಲಿಸಿದವರಿಗೆ ಈ ಪ್ರಶ್ನೆ ಅರ್ಥ ಆಗುತ್ತದೆ.

ಲೈಟು ಈಗ ಎಷ್ಟು ಚೆನ್ನಾಗಿದೆ ಅಂದ್ರೆ ಎದುರಿನ ಲಾರಿಯವರು ಡಿಪ್ ಮಾಡು ಅಂತ ನಮಗೇ ಲೈಟ್ ಹೊಡೀತಾರೆ, ನಾವು ಡಿಪ್ಪಿನಲ್ಲೇ ಇರ್ತೀವಿ. ವೈಪರ್ ಮಾತ್ರ ಮೊನ್ನೆಯಿಂದ ಗಾಜಿನ ನಡುವೆ ನಿಂತುಬಿಡುತ್ತಿದೆ. ಭಾಯ್ ಮುಂದೆ ಹಾಕಿದರೆ ಸೊಗಸಾಗಿ ಆಡುತ್ತದೆ. ಬಳ್ಳಾರಿ ಮಳೆಗೆ ಅದರ ಅವಸರ ಇಲ್ಲ, ನಿಧಾನಕ್ಕೆ ನೋಡಿದರಾಯಿತು.