ಶಾಲು ಇದೆ, ಸಂಬಳ ಆಮೇಲೆ

ಸೆಪ್ಟೆಂಬರ್ 23 ಬಂತು ಅಂದ್ರೆ ನಂಗೆ ಹೊಟ್ಟೆ ತೊಳಸೋಕೆ ಶುರುವಾಗುತ್ತೆ. ಪೌರಕಾರ್ಮಿಕರ ದಿನ. ಹಾಸನ ಆಗ್ಲಿ ಚಿಕ್ಕಮಗಳೂರಾಗ್ಲಿ ಸೀನ್ ಒಂದೇ, ನಿಮಗೂ ಗೊತ್ತಿರೋದೇ, ವರ್ಷಪೂರ್ತಿ ಗ್ಲೌಸ್ ಕೊಡ್ರಪ್ಪಾ ಬಾಕಿ ಸಂಬಳ ಹಾಕ್ರಪ್ಪಾ ಅಂತ ಅಲೆದಾಡಿದವರನ್ನ ಅವತ್ತೊಂದಿನ ಸ್ಟೇಜ್ ಮೇಲೆ ಸಾಲಾಗಿ ನಿಲ್ಸಿ ಶಾಲು, ಹಾರ, ಪೇಟ, ಕೈಗೊಂದು ನೆನಪಿನ ಕಾಣಿಕೆ. ಫೋಟೋದಲ್ಲಿ ಶಾಲು ಹೊದಿಸೋರೇ ಎಂಟು ಜನ ಕ್ಯಾಮೆರಾ ನೋಡ್ತಿರ್ತಾರೆ, ಹೊದಿಸ್ಕೊಂಡೋರ ಮುಖ ಹುಡುಕಬೇಕು.

ನೆನಪಿನ ಕಾಣಿಕೆ ಅಂದ್ರೆ ನಮ್ಮ ಕಡೆ ಇನ್ನೇನು, ಬೇಲೂರು ಗುಡಿಯ ಶಿಲಾಬಾಲಿಕೆಯ ಫೈಬರ್ ಗೊಂಬೆ. ಬೆಳಗಿನ ಜಾವ ಎದ್ದು ಪೊರಕೆ ಹಿಡಿಯೋ ಹೆಂಗಸಿಗೆ ಕನ್ನಡಿ ಹಿಡ್ಕೊಂಡು ಸಿಂಗಾರ ಮಾಡ್ಕೊಳ್ಳೋ ದರ್ಪಣಸುಂದರೀನ ಕೊಟ್ಟು ಕಳ್ಸೋ ಐಡಿಯಾ ಯಾರಿಗೆ ಹೊಳೀತೋ, ಆ ಮಹಾನುಭಾವರಿಗೂ ಒಂದು ಸನ್ಮಾನ ಆಗ್ಬೇಕು. ಬೇಲೂರು ಅಂದಾಗ ನೆನಪಾಯ್ತು, ಅಲ್ಲಿ ಶಿಲ್ಪಿಗಳು ಬಿರುದು ಬಾವಲಿ ಸಮೇತ ಹೆಸರು ಕೆತ್ಕೊಂಡಿದ್ದಾರೆ, ಬಳ್ಳಿಗಾವೆ ದಾಸೋಜ, ಅವನ ಮಗ ಚಾವಣ. ಬಿರುದಿಗೆ ಆಸೆ ಪಡೋದೇನು ತಪ್ಪಲ್ಲ ಬಿಡಿ, ನಂಗೂ ಯಾರಾದ್ರೂ ಕೊಟ್ರೆ ತಗೋತೀನಿ. ಆದ್ರೆ 1117ರಲ್ಲಿ ಚೆನ್ನಕೇಶವನ ಗುಡಿ ಬರೀ ಬಿರುದಿನ ಮೇಲೆ ಎದ್ದು ನಿಂತಿತು ಅಂದ್ರೆ ನಾನಂತೂ ನಂಬಲ್ಲ, ಉಳಿ ಹಿಡಿದೋನ ಮನೇಲೂ ಒಲೆ ಉರೀಬೇಕಲ್ಲ.

ಇದಕ್ಕೆ ಸೈನ್ಸೂ ಇದೆ ಸ್ವಾಮಿ. ಅಮೆರಿಕದ ಜಾನ್ ವುಲ್ಫ್ ಅನ್ನೋರು ಚಿಂಪಾಂಜಿಗಳ ಮೇಲೆ ಮಾಡಿ 1936ರಲ್ಲಿ ಪ್ರಕಟಿಸಿದ ಪ್ರಯೋಗ. ಲಿವರ್ ಎತ್ತಿದ್ರೆ ದ್ರಾಕ್ಷಿ ಸಿಗಲ್ಲ, ಒಂದು ಬಿಲ್ಲೆ ಸಿಗುತ್ತೆ, ಬಿಲ್ಲೆ ತಗೊಂಡೋಗಿ ಮೆಷಿನ್ನಿಗೆ ಹಾಕಿದ್ರೆ ದ್ರಾಕ್ಷಿ. ನೇರ ದ್ರಾಕ್ಷಿಗೆ ದುಡಿಯೋ ಹಾಗೇ ಹೆಚ್ಚುಕಮ್ಮಿ ಬಿಲ್ಲೆಗೂ ದುಡಿದ್ವು. ನಮ್ಮವರು ಬಹುಶಃ ಇಲ್ಲಿಗೇ ಪುಸ್ತಕ ಮುಚ್ಚಿ ಶಾಲಿಗೆ ಟೆಂಡರ್ ಕರೆದಿದ್ದಾರೆ. ಮುಂದಕ್ಕೆ ಓದಿದ್ರೆ ಇನ್ನೊಂದು ವಿಷಯ ಇದೆ, ಬಿಳಿ ಬಿಲ್ಲೆಗೆ ಒಂದು ದ್ರಾಕ್ಷಿ, ನೀಲಿಗೆ ಎರಡು, ಹಿತ್ತಾಳೆ ಬಿಲ್ಲೆಗೆ ಏನೂ ಇಲ್ಲ ಅಂತ ಇಟ್ಟಾಗ ಚಿಂಪಾಂಜಿಗಳು ಅದನ್ನ ಕಲ್ತು ಹಿತ್ತಾಳೇನ ಬಿಟ್ಟು ಬೇರೇದನ್ನ ಆರಿಸ್ಕೊಂಡ್ವು. ಈಗ ಹೇಳಿ, ಈ ಶಾಲನ್ನ ಯಾವ ಮೆಷಿನ್ನಿಗೆ ತುರುಕೋದು? ಸಂತೆಪೇಟೇಲಿ ಅದಕ್ಕೆ ಒಂದು ಕೆಜಿ ಅಕ್ಕಿ ಅಳೆದು ಕೊಡೋರು ಇದ್ದಾರಾ?

ಈ ವಿಷಯದಲ್ಲಿ ಸಕಲೇಶಪುರ ಮೂಡಿಗೆರೆ ಕಾಫಿ ತೋಟದ ಲೆಕ್ಕಾನೇ ನೇರ. ಹಣ್ಣು ಕುಯ್ದು ಸಂಜೆ ತೂಕಕ್ಕೆ ಹಾಕು, ಕೆಜಿಗೆ ಇಷ್ಟು, ರೈಟರ್ ಬರ್ಕೋತಾನೆ, ಬಟವಾಡೆ ದಿನ ಕೈಗೆ ದುಡ್ಡು. ಆವತ್ತು ದುಡ್ಡಿನ ಬದಲು "ವರ್ಷದ ಶ್ರೇಷ್ಠ ಕುಯ್ಲುಗಾರ್ತಿ" ಅಂತ ಸರ್ಟಿಫಿಕೇಟ್ ಕೊಟ್ಟು ನೋಡ್ಲಿ ಯಾವನಾದ್ರೂ ಸಾವ್ಕಾರ, ಮಾರನೇ ದಿನ ಕೂಲಿಯವರ ಲೈನ್‌ಮನೇಲಿ ನಾಯೀನೂ ಇರಲ್ಲ, ರೋಬಸ್ಟಾ ಗಿಡದಲ್ಲೇ ಒಣಗಿ ಉದುರುತ್ತೆ.

ಆಶಾ ಕಾರ್ಯಕರ್ತೆಯರ ವಿಷಯಕ್ಕೆ ಬಂದ್ರೆ ನಗೋಕೂ ಆಗಲ್ಲ. 2020ರಲ್ಲಿ ತಟ್ಟೆ ಬಡಿದ್ವಿ, ಹೂ ಎರಚಿದ್ವಿ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ದೇಶದ ಅಷ್ಟೂ ಆಶಾಗಳಿಗೆ ಜಾಗತಿಕ ಪ್ರಶಸ್ತಿ ಕೊಡ್ತು, ಎಲ್ರೂ ಸ್ಟೇಟಸ್ ಹಾಕಿದ್ವಿ. 2025ರ ಜನವರೀಲಿ ಅದೇ ಹೆಂಗಸರು ತಿಂಗಳಿಗೆ 15 ಸಾವಿರ ಕೊಡಿ ಅಂತ ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಚಳೀಲಿ ರಾತ್ರಿ ಕಳೆದ್ರು, 10 ಸಾವಿರದ ಭರವಸೆ ತಗೊಂಡು ಎದ್ದು ಬಂದ್ರು. ಘಟ್ಟದ ಮಳೇಲಿ ಜಿಗಣೆ ಕಿತ್ಕೊಂಡು ಬಸುರಿ ಮನೆಗೆ ನಡ್ಕೊಂಡು ಹೋಗೋಳಿಗೆ ಪ್ರಶಸ್ತಿ ಕೊಟ್ಟು ಏನ್ ಮಾಡ್ತೀರಿ, ಬಸ್ ಚಾರ್ಜಿಗೆ, ರೇಷನ್ನಿಗೆ, ಮಗಳ ಫೀಸಿಗೆ ದುಡ್ಡು ಕೊಡ್ರಿ ಮೊದ್ಲು. ಪ್ರತಿ ವರ್ಷ ಇದನ್ನೇ ಬರೆದು ಬರೆದು ಸಾಕಾಗಿದೆ.

ಅದಾಗಿ ಎರಡು ತಿಂಗಳಿಗೆ, ಮಾರ್ಚಲ್ಲಿ, ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರ ಆಯ್ತು. ಸದನದಲ್ಲಿ ಗಲಾಟೆ ನಡೀತಿತ್ತು, ಅದರ ಮಧ್ಯೆನೇ ಬಿಲ್ ಪಾಸಾಯ್ತು, ಧರಣಿ ಬೇಡ, ಚಳೀಲಿ ಮಲಗೋದು ಬೇಡ. "ನಂಗೆ ಪ್ರಶಂಸಾಪತ್ರ ಒಂದಿದ್ರೆ ಸಾಕು ಸಭಾಧ್ಯಕ್ಷರೇ" ಅಂತ ಯಾರಾದ್ರೂ ಎದ್ದು ನಿಂತ್ರಾ? ಬಿಲ್ಲೆ ಗಿಲ್ಲೆ ಏನಿಲ್ಲ, ಸೀದಾ ಅಕೌಂಟಿಗೆ.