ಕೇಪ್ ವರ್ಡೆಯದು ಬರೀ ಅದೃಷ್ಟವಲ್ಲ

ಫುಟ್‌ಬಾಲ್ ವಿಶ್ವಕಪ್ ತಂಡಗಳ ಸಂಖ್ಯೆ 48ಕ್ಕೆ ಏರಿದ್ದರಿಂದಲೇ ಪಶ್ಚಿಮ ಆಫ್ರಿಕಾದ ಪುಟ್ಟ ದ್ವೀಪರಾಷ್ಟ್ರ ಕೇಪ್ ವರ್ಡೆ 2026ರ ಟೂರ್ನಿಗೆ ಅರ್ಹತೆ ಪಡೆಯಿತು ಎಂದು ಲೇಖನವೊಂದರಲ್ಲಿ ಲೇಖಕರು ಹೇಳಿರುವ ಮಾತನ್ನು ಅರ್ಧ ಮಾತ್ರ ಒಪ್ಪಬಹುದು. ಅರ್ಹತಾ ಗುಂಪಿನಲ್ಲಿ ಅದು ಹಿಂದಿಕ್ಕಿದ್ದು ಯಾರನ್ನು? ಬಲಾಢ್ಯ ಕ್ಯಾಮರೂನ್ ತಂಡವನ್ನು! 2013ರಲ್ಲಿ ಮೊದಲ ಬಾರಿಗೆ ಆಫ್ರಿಕಾ ಕಪ್ ಆಡಲು ಹೋದದ್ದೂ ಇದೇ ಕ್ಯಾಮರೂನ್‌ಗೆ ಮಣ್ಣುಮುಕ್ಕಿಸಿ; ಆಗಿನ ಕೋಚ್ ಲೂಸಿಯೊ ಆಂತುನೆಸ್ ವೃತ್ತಿಯಿಂದ ವಿಮಾನ ಸಂಚಾರ ನಿಯಂತ್ರಕರು. ಅಲ್ಲಿ ಎಂಟರ ಘಟ್ಟ ತಲುಪಿದರು. 2024ರಲ್ಲಿ ಗುಂಪು ಹಂತದಲ್ಲಿ ಘಾನಾವನ್ನು 2-1ರಿಂದ ಮಣಿಸಿ, ಮುಂದೆ ಮತ್ತೆ ಅದೇ ಘಟ್ಟಕ್ಕೆ ಬಂದಾಗ, ದಕ್ಷಿಣ ಆಫ್ರಿಕಾದ ಗೋಲ್‌ಕೀಪರ್ ರೊನ್ವೆನ್ ವಿಲಿಯಮ್ಸ್ ಪೆನಾಲ್ಟಿ ಶೂಟೌಟ್‌ನಲ್ಲಿ ನಾಲ್ಕು ಒದೆತಗಳನ್ನು ತಡೆದು ಬಾಯಿಗೆ ಬಂದ ತುತ್ತನ್ನು ಕಸಿದುಕೊಂಡರು. ಐದು ಲಕ್ಷ ಚಿಲ್ಲರೆ ಜನರ ದ್ವೀಪಗಳಿಗೆ ಇದು ಕಡಿಮೆಯೇ? ಆದರೆ ಇದೇ ತಂಡ 2025ರ ಆಫ್ರಿಕಾ ಕಪ್‌ಗೆ ಅರ್ಹತೆಯನ್ನೇ ಗಳಿಸಲಿಲ್ಲ. ಟೀಕಿಸುವುದಾದರೆ ಲೇಖಕರು ಅದನ್ನು ಹಿಡಿಯಬೇಕಿತ್ತು.