ಸತ್ಯಾಂಶ: ಚಂದ್ರನ ಮೇಲಿನ ಸೈಟಿಗೆ ಹಕ್ಕುಪತ್ರ ಸಿಗುತ್ತದಾ?

"ಚಂದ್ರನ ಮೇಲೆ ಒಂದು ಎಕರೆ ಕೊಳ್ಳಿ, ಮಗುವಿನ ಹೆಸರಿಗೆ ಕಾನೂನುಬದ್ಧ ಹಕ್ಕುಪತ್ರ ಮಾಡಿಸಿ" ಅನ್ನೋ ಮೆಸೇಜ್ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಆ ಕಾಗದದಿಂದ ಯಾವ ಹಕ್ಕೂ ಬರುವುದಿಲ್ಲ.

1967ರ ಬಾಹ್ಯಾಕಾಶ ಒಪ್ಪಂದದ 2ನೇ ವಿಧಿ ಪ್ರಕಾರ ಚಂದ್ರನಾಗಲಿ, ಬೇರೆ ಗ್ರಹಗಳಾಗಲಿ ಯಾವ ದೇಶದ ಸ್ವತ್ತೂ ಆಗುವಂತಿಲ್ಲ. ಭಾರತ, ಅಮೆರಿಕ, ರಷ್ಯಾ, ಚೀನಾ ಸೇರಿ ನೂರಕ್ಕೂ ಜಾಸ್ತಿ ದೇಶಗಳು ಇದನ್ನು ಒಪ್ಪಿವೆ. ಮಾರುವವರ ವಾದ ಬೇರೆ: "ಒಪ್ಪಂದ ತಡೆಯುವುದು ದೇಶಗಳನ್ನು, ವ್ಯಕ್ತಿಗಳನ್ನಲ್ಲ." ಕೇಳಲು ಸರಿ ಅನಿಸುತ್ತದೆ, ಅಲ್ವಾ? ಆದರೆ ನಮ್ಮೂರಿನ ಹೊಲಕ್ಕೆ ಪಹಣಿ ಕೊಡಲು, ಜಗಳವಾದರೆ ತೀರ್ಪು ಹೇಳಲು ಸರ್ಕಾರ ಇದೆ. ಚಂದ್ರನ ನೆಲದ ಮೇಲೆ ಅಂಥ ಅಧಿಕಾರ ಯಾವ ಸರ್ಕಾರಕ್ಕೂ ಇಲ್ಲ. ತನ್ನದಲ್ಲದ ನೆಲವನ್ನು ಅದು ಇನ್ನೊಬ್ಬರ ಹೆಸರಿಗೆ ಹೇಗೆ ಬರೆದುಕೊಡುತ್ತದೆ? ಖಾಸಗಿಯವರು ಬಾಹ್ಯಾಕಾಶದಲ್ಲಿ ಏನೇ ಮಾಡಿದರೂ ಅವರ ದೇಶವೇ ಹೊಣೆ ಅಂತ 6ನೇ ವಿಧಿ ಹೇಳುತ್ತದೆ.

"ಚಂದ್ರಯಾನ-3 ಇಳಿದ ಜಾಗ ಭಾರತದ್ದು" ಅನ್ನುವುದೂ ಸರಿಯಲ್ಲ. 2023ರ ಆಗಸ್ಟ್ 23ರಂದು ಇಳಿದ ವಿಕ್ರಮ್ ಲ್ಯಾಂಡರ್ ಇವತ್ತಿಗೂ ನಮ್ಮದೇ. 8ನೇ ವಿಧಿ ಅದನ್ನು ಕಾಯುತ್ತದೆ. ಅದರ ಕೆಳಗಿನ ಮಣ್ಣು ಮಾತ್ರ ನಮ್ಮದಲ್ಲ. ಆ ಜಾಗದ 'ಶಿವಶಕ್ತಿ' ಹೆಸರನ್ನು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2024ರಲ್ಲಿ ಒಪ್ಪಿತು. ಅದು ದೊಡ್ಡ ಗೌರವ, ಒಡೆತನವಲ್ಲ.

ಅಗೆದು ತೆಗೆದ ಖನಿಜ ಯಾರದ್ದು ಅನ್ನುವುದು ಬೇರೆ ಪ್ರಶ್ನೆ. ಅಮೆರಿಕ 2015ರಲ್ಲಿ ತನ್ನ ಕಂಪನಿಗಳಿಗೆ ಆ ಹಕ್ಕು ಕೊಟ್ಟಿದೆ. ಅದರ ಬಗ್ಗೆ ದೇಶಗಳ ನಡುವೆ ಚರ್ಚೆ ಇನ್ನೂ ನಡೆದಿದೆ.